ರಾಯಚೂರು ಬಿಸಿಲಲ್ಲಿ ಮೂರು ದಿನ ಇಟ್ಟರೂ ಗ್ಲಿಸರಾಲ್ ಜಗ್ಗಲಿಲ್ಲ, ಯಾಕೆ?

ಹೊಂಗೆಎಣ್ಣೆ:
ನಮಸ್ಕಾರ. ರಾಯಚೂರಿನಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಿದೆವು. 100 ಕೆಜಿ ಎಣ್ಣೆಗೆ ಸುಮಾರು 10 ಕೆಜಿ ಗ್ಲಿಸರಾಲ್ ಬರುತ್ತದಲ್ವಾ, ನಮ್ಮದೂ ಒಂದು ಕ್ಯಾನ್ ತುಂಬಿದೆ. ಜೋನಿಬೆಲ್ಲದ ಬಣ್ಣ, ಸೋಪಿನ ವಾಸನೆ.

ಗ್ಲಿಸರಾಲಿಗೆ ಟೈಟಾನಿಯಂ ಡೈಆಕ್ಸೈಡ್ (ಪೇಂಟಿಗೆ ಹಾಕುವ ಬಿಳಿ ಪುಡಿ, ಬೆಳಕು ಬಿದ್ದರೆ ರಾಸಾಯನಿಕ ಕ್ರಿಯೆ ನಡೆಸುತ್ತದೆ) ಹಾಕಿ ಬೆಳಕಿಗೆ ಇಟ್ಟರೆ ಡೈಹೈಡ್ರಾಕ್ಸಿಅಸಿಟೋನ್ ಆಗುತ್ತದೆ ಅಂತ ಓದಿದ್ದೆ. ಚರ್ಮ ಕಂದು ಮಾಡುವ ಕ್ರೀಮಿಗೆ ಅದನ್ನೇ ಹಾಕುತ್ತಾರೆ. (ನಮ್ಮೂರಲ್ಲಿ ಅದಕ್ಕೆ ಕ್ರೀಮ್ ಯಾಕೆ, ಮಧ್ಯಾಹ್ನ ಸ್ಟೇಷನ್ ರೋಡಲ್ಲಿ ನಡೆದರೆ ಸಾಕು.) ಪೇಂಟ್ ಅಂಗಡಿಯಿಂದ ಪುಡಿ ತಂದು, ಗ್ಲಿಸರಾಲಿಗೆ ನೀರು ಬೆರೆಸಿ, ಮಾಳಿಗೆ ಮೇಲೆ ಮೂರು ದಿನ ಇಟ್ಟೆ. 42 ಡಿಗ್ರಿ ಬಿಸಿಲು! ಪುಡಿ ತಳಕ್ಕೆ ಕೂತಿತು. ಫೆಹ್ಲಿಂಗ್ ಟೆಸ್ಟ್ ಮಾಡಿದರೆ (ಡೈಹೈಡ್ರಾಕ್ಸಿಅಸಿಟೋನ್ ಇದ್ದರೆ ನೀಲಿ ದ್ರಾವಣ ಕೆಂಪಾಗಬೇಕು) ನೀಲಿ ನೀಲಿಯಾಗೇ ಉಳಿಯಿತು. ಎಲ್ಲಿ ತಪ್ಪಿದೆ?

ಬೀಕರ್ ಅಕ್ಕ:
ತಮ್ಮಾ, ಮೊದಲ ತಪ್ಪು ಪೇಂಟ್ ಅಂಗಡಿಯಲ್ಲೇ ಆಗಿದೆ. ಬಿಸಿಲಿಗೆ ಬಣ್ಣ ಪುಡಿಪುಡಿಯಾಗಿ ಉದುರಬಾರದು ಅಂತಲೇ ಪೇಂಟಿನ ಟೈಟಾನಿಯಂ ಕಣಗಳಿಗೆ ಸಿಲಿಕಾ, ಅಲ್ಯೂಮಿನಾ ಲೇಪ ಕೊಟ್ಟಿರುತ್ತಾರೆ. ನಿಮಗೆ ಬೇಕಾದ ಕೆಲಸ ಮಾಡದಿರಲಿ ಅಂತಲೇ ತಯಾರಾದ ಪುಡಿ ಅದು! ಲೇಪ ಇಲ್ಲದ ಅನಟೇಸ್ (ಟೈಟಾನಿಯಂ ಡೈಆಕ್ಸೈಡಿನದೇ ಒಂದು ಹರಳು ರೂಪ) ತರಿಸಿಕೊಳ್ಳಿ.

ಇನ್ನು 42 ಡಿಗ್ರಿ ಅಂತ ಹೆಮ್ಮೆ ಪಡಬೇಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಕಾವಲ್ಲ, ಬೆಳಕು. ಅನಟೇಸ್‌ನ ಬ್ಯಾಂಡ್ ಗ್ಯಾಪ್, ಅಂದರೆ ಅದನ್ನು ಕೆಲಸಕ್ಕೆ ಎಬ್ಬಿಸಲು ಬೆಳಕು ಕೊಡಬೇಕಾದ ಕನಿಷ್ಠ ಶಕ್ತಿ, 3.2 ಇವಿ (ಎಲೆಕ್ಟ್ರಾನ್ ವೋಲ್ಟ್). ಅಂದರೆ ಸುಮಾರು 387 ನ್ಯಾನೋಮೀಟರಿಗಿಂತ ಚಿಕ್ಕ ಅಲೆ ಬೇಕು, ಬಿಸಿಲಿನಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಕಣ್ಣಿಗೆ ಕಾಣುವ ಬೆಳಕೂ ದುಡಿಯಬೇಕಾದರೆ ಬಿಸ್ಮತ್ ವನಡೇಟ್ ನೋಡಿ, 2.4 ಇವಿ. ಹಳದಿ ಪುಡಿ. ಮತ್ತೆ, ಕದಡುತ್ತಲೇ ಇರಬೇಕು. ತಳಕ್ಕೆ ಕೂತ ಪುಡಿಗೆ ಬೆಳಕೆಲ್ಲಿ?

ಡೀಸೆಲ್ ಮಾವ:
ನಾನು ಬಳ್ಳಾರಿಯವನು. ಕ್ಯಾನಲ್ಲಿರುವುದು ಬರೀ ಗ್ಲಿಸರಾಲ್ ಅಲ್ಲ ಮಾರಾಯ. ಸೋಪು, ಕಾಸ್ಟಿಕ್, ಮೆಥನಾಲ್ ಎಲ್ಲಾ ಸೇರಿದೆ. ಕ್ಷಾರ ಇದ್ದರೆ ನಿಮ್ಮ ಡೈಹೈಡ್ರಾಕ್ಸಿಅಸಿಟೋನ್ ಹುಟ್ಟಿದರೂ ನಿಲ್ಲಲ್ಲ. ಫಾಸ್ಫಾರಿಕ್ ಆಸಿಡ್ ಸ್ವಲ್ಪ ಸ್ವಲ್ಪ ಹಾಕಿ, ಸೋಪು ಒಡೆದು ಕೊಬ್ಬು ಮೇಲೆ ತೇಲುತ್ತದೆ. ಒಲೆ ಹತ್ತಿರ ಮಾತ್ರ ಬೇಡ, ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆಯೇ ಕಾಣಲ್ಲ.

ಬೀಕರ್ ಅಕ್ಕ:
ಮಾವ ಹೇಳಿದ್ದು ಸರಿ. ಮತ್ತೊಂದು: ಮೂರು ದಿನ ಬಿಡಬೇಡಿ. ಬೆಳಕು ಬಿದ್ದಾಗ ಅನಟೇಸ್ ಮೇಲೆ ನೀರಿನಿಂದ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚುರುಕು ಕಣಕ್ಕೆ ಸಿಕ್ಕಿದ್ದನ್ನೆಲ್ಲಾ ಕಡಿಯುವ ಚಟ. ಗ್ಲಿಸರಾಲ್ಡಿಹೈಡ್, ಫಾರ್ಮಿಕ್ ಆಸಿಡ್, ಕೊನೆಗೆ ಕಾರ್ಬನ್ ಡೈಆಕ್ಸೈಡ್. ಬೆಲೆಬಾಳುವುದು ನಡುವೆ ಎಲ್ಲೋ ಇರುತ್ತದೆ. ಅರ್ಧ ಗಂಟೆಗೊಮ್ಮೆ ಸ್ಯಾಂಪಲ್ ತೆಗೆಯಿರಿ.

ಹೊಂಗೆಎಣ್ಣೆ:
ಅಕ್ಕಾ, ಮಾವ, ಥ್ಯಾಂಕ್ಸ್. ನಿನ್ನೆ ಆಸಿಡ್ ಹಾಕಿದೆ, ಎರಡು ಬೆರಳು ದಪ್ಪ ಕಪ್ಪು ಕೊಬ್ಬು ತೇಲಿತು. ಅನಟೇಸಿಗೆ ಆರ್ಡರ್ ಕೊಟ್ಟಿದ್ದೇನೆ. ಉಳಿದ ಪುಡಿಯನ್ನು ಅಪ್ಪ ಸುಣ್ಣಕ್ಕೆ ಬೆರೆಸಿ ಕಾಂಪೌಂಡಿಗೆ ಬಳಿದುಬಿಟ್ಟರು.