ಅಮೆರಿಕ: ರಸ್ತೆಗೆ ಹೊಸ ಡಾಂಬರು ಹಾಕಿದರೆ ವೀಲ್‌ಚೇರ್ ರ‍್ಯಾಂಪ್ ಕಡ್ಡಾಯವೇ?

ಪ್ರಶ್ನೆ: ಊರಾಡಳಿತವೊಂದು ಫೆಡರಲ್ (ಕೇಂದ್ರ ಸರ್ಕಾರದ) ಹಣದಲ್ಲಿ ರಸ್ತೆಗೆ ಡಾಂಬರು ಹೊದಿಸುತ್ತಿದೆ. ಫುಟ್‌ಪಾತ್ ಮುಟ್ಟುವುದೇ ಇಲ್ಲ. ಆದರೂ ಮೂಲೆಗಳಲ್ಲಿ ರ‍್ಯಾಂಪ್ ಕಟ್ಟಬೇಕೇ?

ಉತ್ತರ 1: ಫುಟ್‌ಪಾತೂ ಅಂಚುಕಲ್ಲೂ ಇರುವ ಕ್ರಾಸಿಂಗ್ ಆದರೆ ಕಟ್ಟಲೇಬೇಕು. 1990ರ ಎಡಿಎ ಕಾಯ್ದೆಯ (ಅಂಗವಿಕಲರ ಹಕ್ಕುಗಳ ಕಾಯ್ದೆ) ಲೆಕ್ಕದಲ್ಲಿ ಡಾಂಬರು ಹೊದಿಸುವುದು ‘ಮಾರ್ಪಾಡು’, ಬರೀ ನಿರ್ವಹಣೆಯಲ್ಲ. ನ್ಯಾಯ ಮತ್ತು ಸಾರಿಗೆ ಇಲಾಖೆಗಳು 2013ರಲ್ಲೇ ಬಿಡಿಸಿ ಹೇಳಿವೆ: ಓವರ್‌ಲೇ (ಹಳೆ ರಸ್ತೆ ಮೇಲೆ ಹೊಸ ಡಾಂಬರು ಪದರ), ಮೈಕ್ರೋಸರ್ಫೇಸಿಂಗ್ (ಡಾಂಬರು ದ್ರವ, ಜಲ್ಲಿಪುಡಿ ಬೆರೆಸಿದ ತೆಳು ಪದರ) ಮಾಡಿದರೆ ರ‍್ಯಾಂಪ್ ಬೇಕು, ಚಿಪ್ ಸೀಲ್ (ಡಾಂಬರು ಸಿಂಪಡಿಸಿ ಸಣ್ಣ ಜಲ್ಲಿ ಹರಡುವುದು), ಬಿರುಕು ತುಂಬುವುದು ಬರೀ ನಿರ್ವಹಣೆ. ಅಂದಹಾಗೆ, ಊರಿನ ಸ್ವಂತ ಹಣದ ಕೆಲಸಕ್ಕೂ ಇದೇ ನಿಯಮ.

ಉತ್ತರ 2: ಕಟ್ಟುವವರು ತಪ್ಪು ಮಾಡುವುದು ರ‍್ಯಾಂಪಿನ ಇಳಿಜಾರಿನಲ್ಲಿ. ಉದ್ದಕ್ಕೆ ಗರಿಷ್ಠ 1:12 (12 ಅಡಿಗೆ 1 ಅಡಿ ಏರಿಕೆ), ಅಡ್ಡಕ್ಕೆ 1:48 (ಸುಮಾರು 2%). ನಕ್ಷೆಯಲ್ಲಿ ಅಡ್ಡ ಇಳಿಜಾರು ಸರಿಯಾಗಿ 2% ಎಂದು ಬರೆದರೆ, ಕಾಂಕ್ರೀಟ್ ಕೂತಾಗ ಸ್ವಲ್ಪ ಮೀರಿರುತ್ತದೆ. ಒಡೆದು ಮತ್ತೆ ಹಾಕುವ ಗತಿ. 1.5% ಎಂದೇ ಬರೆಯಿರಿ. ಸುರಿಯುವ ಮುಂಚೆಯೇ ಅಚ್ಚಿನ ಹಲಗೆ ಮೇಲೆ ಡಿಜಿಟಲ್ ಲೆವೆಲ್ ಇಟ್ಟು ನೋಡಿ.

ಉತ್ತರ 3: ರ‍್ಯಾಂಪ್ ಒಂದೇ ಅಲ್ಲ ಸ್ವಾಮಿ. ಫೆಡರಲ್ ಹಣ ಮುಟ್ಟಿದ ಮೇಲೆ 1964ರ ನಾಗರಿಕ ಹಕ್ಕು ಕಾಯ್ದೆಯ 6ನೇ ಅಧ್ಯಾಯವೂ (ಜನಾಂಗ, ಬಣ್ಣ, ಮೂಲ ದೇಶದ ಆಧಾರದ ತಾರತಮ್ಯಕ್ಕೆ ತಡೆ) ಬರುತ್ತದೆ. ತಾರತಮ್ಯ ನಿಷೇಧದ ಷರತ್ತು ಗುತ್ತಿಗೆಯಲ್ಲಿ ಇರುತ್ತದೆ, ಉಪಗುತ್ತಿಗೆ ಪತ್ರದಲ್ಲಿ ಬಿಟ್ಟುಹೋಗುತ್ತದೆ. ಮೊದಲು ಅದನ್ನೇ ತೆಗೆದು ನೋಡಿ.