ಜೂನ್‌ನಲ್ಲಿ ಹುಟ್ಟಿದವರಿಗೆ ಮುತ್ತು: ನಂಬಿಕೆಯೋ, ಬರೀ ವ್ಯಾಪಾರವೋ?

ತುಂಗಾತೀರ:
ಅಕ್ಕನ ಮಗಳಿಗೆ ಈ ಜೂನ್‌ಗೆ ಹದಿನೆಂಟು ತುಂಬುತ್ತದೆ. ಜೂನ್‌ನವರ ಜನ್ಮರತ್ನ ಮುತ್ತು ಅಂತ ಎಲ್ಲೋ ಓದಿ, ಮುತ್ತಿನ ಓಲೆಯೇ ಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮಮ್ಮ ಮಾತ್ರ ಜಾತಕ ನೋಡದೆ ಮುತ್ತು ಹಾಕಬಾರದು, ಎಲ್ಲರಿಗೂ ಅದು ಆಗಿಬರಲ್ಲ ಅಂತಿದ್ದಾರೆ. ಕೊಡಿಸೋನು ನಾನು. ಐದು ಸಾವಿರದೊಳಗೆ ಆಗಬೇಕು. ಯಾರ ಮಾತು ಕೇಳಲಿ?

ಲೆಕ್ಕದಮೇಷ್ಟ್ರು:
ಇಬ್ಬರದೂ ಬೇರೆ ಬೇರೆ ಲೆಕ್ಕ ಸ್ವಾಮಿ. ತಿಂಗಳಿಗೊಂದು ಕಲ್ಲು ಅನ್ನೋ ರೂಢಿ ಯುರೋಪಿನಲ್ಲಿ ಹಿಂದಿನಿಂದ ಇತ್ತು, ಆದರೆ ಈಗ ಎಲ್ಲರೂ ಹೇಳೋ ಪಟ್ಟಿಯನ್ನು 1912ರಲ್ಲಿ ಗಟ್ಟಿ ಮಾಡಿದ್ದು ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ. 1952ರಲ್ಲಿ ಅದೇ ಜೂನ್‌ಗೆ ಅಲೆಕ್ಸಾಂಡ್ರೈಟ್ ಅನ್ನೋ ಇನ್ನೊಂದು ಕಲ್ಲನ್ನೂ ಸೇರಿಸಿದರು. ನಮ್ಮ ನವರತ್ನದಲ್ಲಿ ಮುತ್ತು ಚಂದ್ರನದು, ಕರ್ಕಾಟಕ ರಾಶಿಯವರಿಗೆ ಹೇಳುತ್ತಾರೆ. ಚಂದ್ರ ಹನ್ನೆರಡೂ ರಾಶಿಯನ್ನು 27 ದಿನ ಚಿಲ್ಲರೆಯಲ್ಲಿ ಸುತ್ತಿ ಮುಗಿಸುತ್ತಾನೆ. ಅಂದ್ರೆ ಜೂನ್‌ನಲ್ಲಿ ಹುಟ್ಟಿದ ಮಗು ಯಾವ ರಾಶಿಯದಾದರೂ ಆಗಿರಬಹುದು. ಅಮ್ಮನ ಜಾತಕಕ್ಕೂ ಹುಡುಗಿಯ ತಿಂಗಳಿಗೂ ಸಂಬಂಧವೇ ಇಲ್ಲ. ನನಗೆ ಎರಡರಲ್ಲೂ ನಂಬಿಕೆ ಇಲ್ಲ, ಅದು ಬೇರೆ ವಿಷಯ.

ಬೆಳ್ಳಿಚುಕ್ಕಿ:
ಮೇಷ್ಟ್ರೇ, ಎಲ್ಲಾನೂ ಲೆಕ್ಕ ಹಾಕಿ ತೂಗಿದರೆ ಒಡವೆ ಯಾಕೆ ಹಾಕಬೇಕು? ಸ್ವಾತಿ ಮಳೆ ಹನಿ ಚಿಪ್ಪಿನ ಬಾಯಿಗೆ ಬಿದ್ದರೆ ಮುತ್ತಾಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ನಿಜವಲ್ಲ ಅಂತ ನನಗೂ ಗೊತ್ತು. ಆದರೂ ಮುತ್ತು ಕಿವಿಗೆ ಹಾಕಿದಾಗ ನೆನಪಾಗೋದು ಆ ಕತೆಯೇ. ವಜ್ರಕ್ಕೆ ಇಂಥದ್ದೊಂದು ಕತೆ ಹೇಳಿ ನೋಡೋಣ.

ಕಡಲಕರೆ:
ಕತೆ ಚೆಂದ. ಆದರೆ ಮುತ್ತಿನ ಚಿಪ್ಪು ಇರೋದು ಸಮುದ್ರದ ತಳದಲ್ಲಿ, ಮಳೆ ಹನಿ ಅಲ್ಲಿಗೆ ಹೋಗೋದು ಹೇಗೆ? ಮರಳಿನ ಕಣ ಸೇರಿ ಮುತ್ತಾಗುತ್ತದೆ ಅನ್ನೋದೂ ಹೆಚ್ಚುಕಡಿಮೆ ಕಟ್ಟುಕತೆಯೇ. ಸಾಮಾನ್ಯವಾಗಿ ಯಾವುದೋ ಪರೋಪಜೀವಿ ಒಳಗೆ ಹೊಕ್ಕಾಗ, ಇಲ್ಲವೇ ಒಳಗಿನ ಪೊರೆಗೆ ಗಾಯವಾದಾಗ, ಆ ಪ್ರಾಣಿ ಅದರ ಸುತ್ತ ಪದರದ ಮೇಲೆ ಪದರ ಕಟ್ಟುತ್ತದೆ. ಆ ತೆಳು ಪದರಗಳ ಮೇಲೆ ಬೆಳಕು ಆಡೋದರಿಂದಲೇ ಆ ಹೊಳಪು. ಗಣಿಯಿಂದ ಬಂದ ಕಲ್ಲನ್ನು ಕೊಯ್ದು ಸಾಣೆ ಹಿಡಿಯಬೇಕು, ಮುತ್ತು ಹುಟ್ಟುವಾಗಲೇ ತಯಾರಾಗಿ ಬರುತ್ತದೆ. ನನಗೆ ಸ್ವಾತಿ ಮಳೆಗಿಂತ ಇದೇ ದೊಡ್ಡ ಬೆರಗು.

ಇನ್ನೊಂದು. ತೂತ್ತುಕುಡಿ ಕಡೆ ಮನ್ನಾರ್ ಕೊಲ್ಲಿಯಲ್ಲಿ ಪಾಂಡ್ಯರ ಕಾಲದಿಂದ ಮುಳುಗಿ ಮುತ್ತು ತೆಗೆಯುತ್ತಿದ್ದರು. 1961ರ ನಂತರ ಅಲ್ಲಿ ಹೇಳಿಕೊಳ್ಳುವಂಥ ಮುತ್ತಿನ ಬೇಟೆಯೇ ನಡೆದಿಲ್ಲ. 1973ರಲ್ಲಿ ಅದೇ ಊರಿನಲ್ಲಿ ನಮ್ಮ ಸರ್ಕಾರಿ ಮೀನುಗಾರಿಕೆ ವಿಜ್ಞಾನಿಗಳು ಕೃಷಿ ಮುತ್ತು, ಅಂದ್ರೆ ಚಿಪ್ಪು ಸಾಕಿ ಮನುಷ್ಯರೇ ಬೆಳೆಸೋ ಮುತ್ತು, ತೆಗೆದು ತೋರಿಸಿದರು.

ಹಾಸನದವ:
ಒಂದು ಮಾತು ಯಾರೂ ಎತ್ತಲಿಲ್ಲ. ಮುತ್ತು ತೆಗೆಯುವಾಗ ಆ ಜೀವ ಸಾಮಾನ್ಯವಾಗಿ ಸಾಯುತ್ತದೆ ಅಲ್ವಾ? ನಾವು ಜೈನರು, ನಮ್ಮ ಮನೆಯಲ್ಲಿ ಅಮ್ಮ ಇದೇ ಕಾರಣಕ್ಕೆ ರೇಷ್ಮೆಯನ್ನೂ ಮುತ್ತನ್ನೂ ಬಿಟ್ಟರು. ಬೇರೆಯವರು ಹಾಕಬೇಡಿ ಅಂತ ನಾನು ಹೇಳಲ್ಲ, ಗೊತ್ತಿರಲಿ ಅಷ್ಟೇ.

ಉಂಗುರದಂಗಡಿ:
ಅಂಗಡಿ ಕಡೆಯಿಂದ ನನ್ನದೂ ಎರಡು ಮಾತು. 1917ರಲ್ಲಿ ಕಾರ್ಟಿಯೆ ಅನ್ನೋ ಆಭರಣ ಕಂಪನಿ ನ್ಯೂಯಾರ್ಕಿನ ಐದನೇ ಅವೆನ್ಯೂನಲ್ಲಿ ಒಂದು ಇಡೀ ಬಂಗಲೆ ತಗೊಂಡಿತು. ಕೊಟ್ಟಿದ್ದು 100 ಡಾಲರ್ ಮತ್ತು ಎರಡೆಳೆ ಮುತ್ತಿನ ಸರ! ನೈಸರ್ಗಿಕ ಮುತ್ತಿಗೆ ಆಗ ಅಂಥ ಬೆಲೆ. ಜಪಾನಿನ ಮಿಕಿಮೊಟೊ 1893ರಲ್ಲೇ ಅರ್ಧಗೋಲದ ಕೃಷಿ ಮುತ್ತು ತೆಗೆದಿದ್ದ, ಆಮೇಲೆ ದುಂಡು ಮುತ್ತುಗಳೂ ಮಾರುಕಟ್ಟೆಗೆ ಬಂದು ಹಳೇ ಬೆಲೆ ಕುಸಿಯಿತು. ಹಾಗಾಗಿಯೇ ಇವತ್ತು ನಮ್ಮಂಥವರ ಕೈಗೂ ಮುತ್ತು ಎಟುಕೋದು. ತುಂಗಾತೀರ ಅವರೇ, ನಿಮ್ಮ ಬಜೆಟ್‌ಗೆ ಬರೋದು ಸಿಹಿನೀರಿನ ಮುತ್ತು, ಹೆಚ್ಚಾಗಿ ಚೀನಾದ್ದು. ಅದೂ ಅಸಲಿ ಮುತ್ತೇ. ಹಲ್ಲಿಗೆ ಮೆಲ್ಲಗೆ ಉಜ್ಜಿ ನೋಡಿ, ತುಸು ತರಿತರಿ ಅನಿಸಬೇಕು. ಗಾಜಿನದು, ಪ್ಲಾಸ್ಟಿಕ್ಕಿನದು ನುಣ್ಣಗೆ ಜಾರುತ್ತದೆ.

ಉಂಗುರ ಬೇಡ, ಓಲೆಯೇ ಸರಿ, ಮುತ್ತು ಮೆತ್ತಗಿನ ವಸ್ತು, ಕೈಯಲ್ಲಿದ್ದರೆ ಬೇಗ ಗೀರು ಬೀಳುತ್ತದೆ. ಸೆಂಟ್ ಹೊಡೆದ ಮೇಲೆ ಓಲೆ ಹಾಕಲಿ, ಮೊದಲಲ್ಲ. ಮತ್ತೆ ದಯವಿಟ್ಟು ಯಾರೂ ಬೆಳ್ಳಿ ಪಾತ್ರೆ ತಿಕ್ಕೋ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಮುತ್ತು ತೊಳೆಯಬೇಡಿ. ಅದು ಸುಣ್ಣದ ಜಾತಿ, ಹುಳಿ ತಾಗಿದರೆ ಕರಗುತ್ತದೆ. ಹೀಗೆ ಮೇಲ್ಮೈ ಕಿತ್ತುಹೋದ ಓಲೆ ಎಷ್ಟೋ ಬಂದಿವೆ ನಮ್ಮ ಹತ್ತಿರ, ಏನೂ ಮಾಡೋಕಾಗಲ್ಲ.

ಲೆಕ್ಕದಮೇಷ್ಟ್ರು:
ಕ್ಲಿಯೋಪಾತ್ರ ವಿನೆಗರ್‌ನಲ್ಲಿ ಮುತ್ತು ಕರಗಿಸಿ ಕುಡಿದಳು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಹುಣಸೆಹಣ್ಣಿನವರು ಅವಳ ವಂಶಸ್ಥರೇ ಇರಬೇಕು.

ಬೆಳ್ಳಿಚುಕ್ಕಿ:
ನೋಡಿ, ಕತೆ ಬೇಡ ಅಂದವರೇ ಈಗ ಕತೆ ಹೇಳುತ್ತಿದ್ದಾರೆ 😄

ತುಂಗಾತೀರ:
ಥ್ಯಾಂಕ್ಸ್ ಎಲ್ಲರಿಗೂ. ಸಿಹಿನೀರಿನ ಮುತ್ತಿನ ಓಲೆಯೇ ತಗೋತೀನಿ. ಹಾಸನದವರು ಹೇಳಿದ್ದನ್ನು ಅವಳಿಗೂ ಹೇಳಿ ನೋಡುತ್ತೇನೆ, ಬೇಡ ಅಂದರೆ ಬೇಡ. ರಾಶಿ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ಹೊಸ ಷರತ್ತು ಹಾಕಿದ್ದಾರೆ: ಚಂದ್ರನ ಮುತ್ತು ಬೆಳ್ಳಿಯಲ್ಲೇ ಇರಬೇಕು, ಸೋಮವಾರವೇ ತರಬೇಕು ಅಂತೆ.

ಉಂಗುರದಂಗಡಿ:
ಬೆಳ್ಳಿ ಆದರೆ ನಿಮ್ಮ ಜೇಬಿಗೂ ಒಳ್ಳೇದು, ಒಪ್ಪಿಕೊಳ್ಳಿ. ಸೋಮವಾರ ಹೋಗೋ ಮುಂಚೆ ಅಂಗಡಿ ತೆರೆದಿರುತ್ತಾ ಅಂತ ಫೋನ್ ಮಾಡಿ ಕೇಳಿ, ನಮ್ಮ ಬೀದಿಯಲ್ಲಂತೂ ಅವತ್ತೇ ರಜೆ.