ಮಿಷನರಿ ಸ್ಕೂಲಲ್ಲಿ ಪ್ರೇಯರ್, ಮಗಳಿಗೆ ಬಲವಂತ. ಏನ್ ಮಾಡೋದು?

ದಾವಣಗೆರೆ ಅಮ್ಮ: ಮಗಳು ನಾಲ್ಕನೇ ಕ್ಲಾಸು, ನಾವು ಲಿಂಗಾಯತ್ರು, ಮನೇಲಿ ದಿನಾ ಇಷ್ಟಲಿಂಗ ಪೂಜೆ. ಪ್ರೇಯರ್ ಟೈಮಲ್ಲಿ ಕೈಮುಗಿದು ನಿಲ್ಲೋಕೆ ನಮ್ದೇನು ತಕರಾರಿಲ್ಲ, ಆದ್ರೆ ಈಗ ಶಿಲುಬೆ ಗುರುತು ಮಾಡ್ಲೇಬೇಕು ಅಂದ್ರಂತೆ, ಮಾಡ್ಲಿಲ್ಲ ಅಂತ ಹೊರಗೆ ನಿಲ್ಸಿದ್ರಂತೆ, ಅತ್ಕೊಂಡು ಬಂದ್ಲು. ಪಾಠ ಚೆನ್ನಾಗಿದೆ, ಬಿಡ್ಸೋಕೆ ಮನಸ್ಸಿಲ್ಲ.

ಹೊಳಲ್ಕೆರೆ ಹುಡ್ಗ: ಸೇರಿಸೋವಾಗ್ಲೇ ಗೊತ್ತಿತ್ತಲ್ವಾ ಅಕ್ಕ, ಅದು ಅವರ ಸ್ಕೂಲು.

ರಿಟೈರ್ಡ್ ಮೇಷ್ಟ್ರು: ಹಂಗಲ್ಲಪ್ಪ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸೋ ಹಕ್ಕು ಕೊಟ್ಟಿದೆ, ನಿಜ, ಆದ್ರೆ 28(3) ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಾಲೇಲಿ ಒಪ್ಪಿಗೆ ಇಲ್ದೆ ಯಾರ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಸೇರಿಸಂಗಿಲ್ಲ, ಚಿಕ್ ಮಕ್ಕಳಾದ್ರೆ ಪೋಷಕರು ಒಪ್ಬೇಕು. ಮಠದ ಶಾಲೆಗೂ ಇದೇ ಮಾತು. ಕೇರಳದಲ್ಲಿ ಧರ್ಮದ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ ಸುಮ್ನೆ ನಿಂತಿದ್ದ ಮೂರು ಮಕ್ಕಳನ್ನ ಶಾಲೆಯಿಂದ ತೆಗೆದಿದ್ರು, 1986ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಸೇರಿಸ್ಕೊಳ್ಳಿ ಅಂತು. ಹೆಡ್ ಮಿಸ್ಸಿಗೆ ಲೆಟರ್ ಕೊಡಮ್ಮ, ಒಂದು ಕಾಪಿಗೆ ಸೀಲ್ ಹಾಕಿಸ್ಕೋ, ಆಗ್ಲಿಲ್ಲ ಅಂದ್ರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿದೆ.

ದುರ್ಗದವ್ನು: ನಾನು ಮುಸ್ಲಿಂ, ಓದಿದ್ದು ಚಿತ್ರದುರ್ಗದಲ್ಲಿ ಮಠದ ಸ್ಕೂಲಲ್ಲಿ. ಬೆಳಿಗ್ಗೆ ವಚನ ಎಲ್ರ ಜೊತೆ ಹೇಳ್ತಿದ್ದೆ, ಈಗ್ಲೂ ಬಾಯಿಗೆ ಬರುತ್ತೆ, ಇಷ್ಟ ನಂಗೆ. ವಿಭೂತಿ ಮಾತ್ರ ಬೇಡ ಅಂತ ಅಬ್ಬಾ ಬಂದು ಹೇಳಿದ್ರು, ಮೇಷ್ಟ್ರು ಆಯ್ತು ಅಂದ್ರು, ಅಷ್ಟೇ. ಜಗಳ ಅಂತ ಹೋಗ್ಬೇಡಿ ಅಕ್ಕ, ಮೊದ್ಲು ಕೂತು ಮಾತಾಡಿ.

ದಾವಣಗೆರೆ ಅಮ್ಮ: ಸೋಮವಾರ ಇವರನ್ನೂ ಕರ್ಕೊಂಡು ಹೋಗ್ತೀನಿ, ಲೆಟರ್ ಕೈಯಲ್ಲಿರುತ್ತೆ. ಅವಳ ಕ್ಲಾಸಲ್ಲಿ ಇಬ್ರು ಮುಸ್ಲಿಂ ಮಕ್ಕಳಿದಾರೆ, ಅವರಮ್ಮಂದಿರನ್ನೂ ಕೇಳ್ತೀನಿ.